ಕರಡು ಅನುಮೋದಿಸಿದೆ

ನಮ್ಮ ಇಲಾಖೆಯ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಜಯನಗರದಲ್ಲಿ ನಮ್ಮ ಕಚೇರಿಯ ಕೆಳಗೇ ಬೇಕರಿ ಇಟ್ಟಿರುವವನಿಗೆ ಹದಿನಾಲ್ಕು ವರ್ಷದಿಂದ ಗೊತ್ತಾಗಿಲ್ಲ. ನಾನು ಗಿರಿಜಾದೇವಿ, ಅಲ್ಲಿ ಪ್ರಥಮ ದರ್ಜೆ ಸಹಾಯಕಿ. ಪತ್ರ ಬರೆಯುವುದು ನನ್ನ ಕೆಲಸ. ಬರೆಯುವುದು ಮಾತ್ರ, ಕಳಿಸುವುದಲ್ಲ. ಈ ವ್ಯತ್ಯಾಸದ ಮೇಲೇ ಸರ್ಕಾರ ನಿಂತಿದೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು.

ನಮ್ಮಲ್ಲಿ ಪತ್ರ ಹೋಗುವ ಕ್ರಮ ಹೀಗೆ. ನಾನು ಕರಡು ಬರೆಯುತ್ತೇನೆ. ಅಧೀಕ್ಷಕರಾದ ಕೊಟ್ರಪ್ಪನವರು ಅದರಲ್ಲಿ ‘ಆದ್ದರಿಂದ’ ಇದ್ದರೆ ‘ಆದುದರಿಂದ’ ಮಾಡುತ್ತಾರೆ, ‘ಆದುದರಿಂದ’ ಇದ್ದರೆ ‘ಆದ್ದರಿಂದ’ ಮಾಡುತ್ತಾರೆ. ಆಮೇಲೆ ಅದು ನಮ್ಮ ಸಾಹೇಬರು, ಅಂದರೆ ಉಪನಿರ್ದೇಶಕ ತಿರುಮಲೇಶ ಅವರ ಮೇಜಿಗೆ ಹೋಗುತ್ತದೆ. ಅವರು ಅಂಚಿನಲ್ಲಿ ‘ಕರಡು ಅನುಮೋದಿಸಿದೆ, ರವಾನಿಸಿ’ ಎಂದು ಬರೆದು ಚಿಕ್ಕ ಸಹಿ ಹಾಕುತ್ತಾರೆ. ಅಲ್ಲಿಗೆ ನಮ್ಮೆಲ್ಲರ ಪಾಲಿಗೆ ಪತ್ರ ಹೋದಂತೆಯೇ. ನಿಜವಾಗಿ ಅದಕ್ಕೆ ರವಾನೆ ವಹಿಯಲ್ಲಿ ನಂಬರು ಕೊಟ್ಟು, ಲಕೋಟೆಗೆ ಹಾಕಿ, ಅಂಚೆಗೆ ಹಾಕುತ್ತಿದ್ದದ್ದು ರವಾನೆ ಶಾಖೆ. ಶಾಖೆ ಎಂದರೆ ಕಿಟಕಿ ಪಕ್ಕದ ಒಂದು ಮೇಜು, ಒಂದು ಕುರ್ಚಿ, ಪಿಳ್ಳಣ್ಣ.

ಇಮೇಲ್ ಬಂದ ಮೇಲೂ ಕ್ರಮ ಬದಲಾಗಲಿಲ್ಲ. ಇಡೀ ಕಚೇರಿಗೆ ಒಂದೇ ಖಾತೆ. ಅದರಲ್ಲಿ ‘ಡ್ರಾಫ್ಟ್ಸ್’ ಎಂಬ ಡಬ್ಬಿಯೊಂದು ಮೊದಲೇ ಇದೆ ಎಂದು ತಿಳಿದ ದಿನ ಕೊಟ್ರಪ್ಪನವರ ಮುಖ ಮೊರದಗಲ ಆಯಿತು.

“ನೋಡಿ ಗಿರಿಜಮ್ಮ, ಕಂಪ್ಯೂಟರ್ ಮಾಡಿದೋರಿಗೂ ಪದ್ಧತಿ ಗೊತ್ತು. ಮೊದ್ಲು ಕರಡು, ಆಮೇಲೆ ಮಿಕ್ಕಿದ್ದು” ಅಂದರು.

ಅಂದಿನಿಂದ ನಾನು ಇಮೇಲ್ ಬರೆದು ಡ್ರಾಫ್ಟ್ಸ್‌ನಲ್ಲಿ ಬಿಡುತ್ತೇನೆ. ಕೊಟ್ರಪ್ಪನವರು ಅಲ್ಲೇ ತಿದ್ದುತ್ತಾರೆ. ಸಾಹೇಬರು ಬಸವನಗುಡಿಯ ಮನೆಯಲ್ಲಿ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಅದೇ ಖಾತೆ ತೆರೆದು, ಪತ್ರದ ನೆತ್ತಿಯ ಮೇಲೆ ‘ಕರಡು ಅನುಮೋದಿಸಿದೆ, ರವಾನಿಸಿ’ ಎಂದು ಒಂದು ಸಾಲು ಟೈಪು ಮಾಡುತ್ತಾರೆ. ಮುಗಿಯಿತು. ಮಧ್ಯಾಹ್ನ ಮೂರು ಗಂಟೆಗೆ ಪಿಳ್ಳಣ್ಣ ಕಂಪ್ಯೂಟರಿನ ಮುಂದೆ ಕೂತು ಏನೋ ಮಾಡುತ್ತಿದ್ದರು. ಏನು ಅಂತ ನಾವು ಯಾರೂ ಕೇಳಲಿಲ್ಲ. ಅವರು ಆ ಮೇಲಿನ ಸಾಲನ್ನು ಅಳಿಸಿ, ವಹಿಯ ನಂಬರು ಹಾಕಿ, ಕಳಿಸುವ ಗುಂಡಿ ಒತ್ತುತ್ತಿದ್ದರು ಎಂಬುದು ನನಗೆ ತಿಳಿದದ್ದು ತೀರ ತಡವಾಗಿ.

ವೈಫೈ ಕಥೆಯೂ ಹೇಳಿಬಿಡುತ್ತೇನೆ. ವೈಫೈ ಪೆಟ್ಟಿಗೆ ಸರ್ಕಾರದ ಸ್ವತ್ತು, ದಾಸ್ತಾನು ವಹಿಯಲ್ಲಿ ಏರಿದೆ, ಕಳೆದುಹೋದರೆ ಕೊಟ್ರಪ್ಪನವರ ತಲೆಗೆ ಬರುತ್ತದೆ. ಹಾಗಾಗಿ ಅವರು ಅದನ್ನು ಕಬ್ಬಿಣದ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ಬೀರುವಿನ ಬೆನ್ನಿಗೆ ತೂತು ಕೊರೆಸಿ ವೈರು ಒಳಗೆ ಬಿಟ್ಟಿದ್ದಾರೆ. ಬಾಗಿಲು ತೆರೆದಿದ್ದರೆ ಇಂಟರ್ನೆಟ್ ಇರುತ್ತದೆ, ಮುಚ್ಚಿದರೆ ಇರುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತಾರೆ, ಊಟಕ್ಕೆ ಮುಚ್ಚುತ್ತಾರೆ, ಸಂಜೆ ಐದೂಕಾಲಿಗೆ ಮುಚ್ಚಿ ಬೀಗದ ಕೈ ಜೇಬಿಗೆ ಹಾಕಿಕೊಂಡು ಬನಶಂಕರಿ ಬಸ್ಸು ಹಿಡಿಯುತ್ತಾರೆ. ಇದರ ಬಗ್ಗೆ ನಾನು ಎರಡು ಸಲ ಜಗಳವಾಡಿ ಕೈಬಿಟ್ಟಿದ್ದೇನೆ.

ಹೋದ ವರ್ಷ ಜುಲೈ ಒಂಬತ್ತರ ಬೆಳಿಗ್ಗೆ ಪಿಳ್ಳಣ್ಣ ತಲಘಟ್ಟಪುರದ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾವೆಲ್ಲ ಹೋಗಿ ಮಣ್ಣು ಹಾಕಿ ಬಂದೆವು. ಮಾರನೆಯ ದಿನ ನಾನು ಮುಖ್ಯ ಕಚೇರಿಗೆ ಅವರ ನಿಧನ ತಿಳಿಸುವ ಪತ್ರ ಬರೆದೆ, ಖಾಲಿಯಾದ ರವಾನೆ ಹುದ್ದೆ ಭರ್ತಿ ಮಾಡಿ ಎಂದು ಇನ್ನೊಂದು ಬರೆದೆ. ಎರಡಕ್ಕೂ ಸಾಹೇಬರ ಅನುಮೋದನೆ ಸಿಕ್ಕಿತು. ಪಿಂಚಣಿಯ ಕಾಗದಗಳನ್ನು ಮಾತ್ರ ಕೊಟ್ರಪ್ಪನವರು ಕೈಯಲ್ಲೇ ಒಯ್ದು ಖಜಾನೆಗೆ ಕೊಟ್ಟು ಬಂದರು. ಕುರ್ಚಿ ಖಾಲಿ ಉಳಿಯಿತು, ಅದರ ಮೇಲೆ ಹಳೆಯ ಕಡತಗಳು ಕೂತವು.

ಎರಡು ತಿಂಗಳಾದ ಮೇಲೆ ಅವರ ಮಗಳು ರಾಜಶ್ರೀ ಬಂದಳು. ಇಪ್ಪತ್ತನಾಲ್ಕು ವರ್ಷ, ಬಿಕಾಂ ಆಗಿದೆ. ಮನೆಯಲ್ಲಿ ತಾಯಿ, ಓದುವ ತಮ್ಮ. ಅಪ್ಪನ ಕೆಲಸ ಅನುಕಂಪದ ಮೇಲೆ ತನಗೆ ಕೊಡಬೇಕು ಎಂದು ಅರ್ಜಿ. ನಮ್ಮ ಇಲಾಖೆಯಲ್ಲಿ ಇಂಥ ಅರ್ಜಿ, ನೌಕರ ತೀರಿಕೊಂಡ ಒಂದು ವರ್ಷದೊಳಗೆ ಮುಖ್ಯ ಕಚೇರಿ ಸೇರಬೇಕು. ಒಂದು ದಿನ ತಪ್ಪಿದರೂ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆ. ಅರ್ಜಿಯ ಫಾರಂನಲ್ಲಿ ‘ಮೃತ ನೌಕರರ ದೂರವಾಣಿ ಸಂಖ್ಯೆ’ ಎಂಬ ಒಂದು ಕಾಲಂ ಇದೆ. ಅವಳು ಅಲ್ಲಿ ಪೆನ್ನು ನಿಲ್ಲಿಸಿದಳು.

“ಅಪ್ಪನ ನಂಬರಾ ಮೇಡಂ? ನಂದು ಬರೀಲಾ?”

“ಫಾರಂ ಏನ್ ಕೇಳಿದ್ಯೋ ಅದನ್ನ ಬರಿಯಮ್ಮ. ಉತ್ತರ ಅದೇ ನಂಬರಿಗೆ ಬರುತ್ತೆ. ಸಿಮ್ ಬಂದ್ ಮಾಡಿಸ್ಬೇಡ ಮತ್ತೆ” ಅಂದೆ.

ಅದನ್ನು ನಾನು ಯಾವ ಆಧಾರದ ಮೇಲೆ ಹೇಳಿದೆನೋ ನನಗೇ ಗೊತ್ತಿಲ್ಲ. ಅಂದು ಟಪಾಲು ಜಾಸ್ತಿ ಇತ್ತು, ಅವಳನ್ನು ಸಾಗಹಾಕಬೇಕಿತ್ತು. ಆದರೆ ಅರ್ಜಿಯನ್ನು ಲಗತ್ತಿಸಿ ಶಿಫಾರಸು ಪತ್ರವನ್ನು ಮನಸ್ಸಿಟ್ಟು ಬರೆದೆ. ‘ಸದರಿ ನೌಕರರು ಮೂವತ್ತೊಂದು ವರ್ಷ ಒಂದೂ ಪತ್ರ ಬಾಕಿ ಉಳಿಸದೆ ಸೇವೆ ಸಲ್ಲಿಸಿರುತ್ತಾರೆ’ ಎಂದು ಸೇರಿಸಿದೆ. ಅನುಮೋದನೆ ಆಯಿತು. ಆಮೇಲೆ ರಾಜಶ್ರೀ ತಿಂಗಳಿಗೊಮ್ಮೆ ಬರುವಳು, ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುವಳು, ಕೇಳುವಳು. ನಾನು “ಹೋಗಿದೆ ಕಣಮ್ಮ, ಮೇಲಿನೋರು ನೋಡ್ಬೇಕು” ಅನ್ನುವೆ. ಸುಳ್ಳು ಹೇಳುತ್ತಿರಲಿಲ್ಲ. ಕರಡು ಅನುಮೋದನೆ ಆದದ್ದು ನನ್ನ ಕಣ್ಣಾರೆ ಕಂಡಿದ್ದೆ.

ವರ್ಷವಿಡೀ ನಿಮಗೆ ಅನುಮಾನ ಬರಲಿಲ್ಲವೇ ಎಂದು ಆಮೇಲೆ ಬಹಳ ಜನ ಕೇಳಿದರು. ಯಾಕೆ ಬರಬೇಕು? ಪತ್ರಕ್ಕೆ ಉತ್ತರ ಬರದಿರುವುದು ನಮ್ಮಲ್ಲಿ ಸುದ್ದಿಯಲ್ಲ. ಮುಖ್ಯ ಕಚೇರಿಯಿಂದ ಮಾಹಿತಿ ಬಂದಿಲ್ಲವೆಂದು ನೆನಪೋಲೆ ಬಂದರೆ, ಈಗಾಗಲೇ ಕಳಿಸಲಾಗಿದೆ ಎಂದು ಖಾರವಾಗಿ ಬರೆದು ಡ್ರಾಫ್ಟ್ಸ್‌ನಲ್ಲಿ ಬಿಡುತ್ತಿದ್ದೆ. ಅದಕ್ಕೂ ಅನುಮೋದನೆ ಸಿಗುತ್ತಿತ್ತು. ತೀರ ಅರ್ಜೆಂಟಾದರೆ ಅವರೇ ಫೋನ್ ಮಾಡಿ ‘ವಾಟ್ಸಾಪ್‌ಲಿ ಹಾಕ್ಬಿಡಿ’ ಅನ್ನುತ್ತಿದ್ದರು, ಹಾಕುತ್ತಿದ್ದೆವು. ಕಳಿಸಿದ ಪತ್ರಗಳ ಡಬ್ಬಿ ತೆರೆದು ನೋಡುವ ಕೆಲಸ ಕಾರ್ಯಹಂಚಿಕೆಯಲ್ಲಿ ಯಾರ ಹೆಸರಿನ ಮುಂದೆಯೂ ಇರಲಿಲ್ಲ.

ಈ ವರ್ಷ ಜುಲೈ ಎಂಟರಂದು ಸುತ್ತೋಲೆ ಬಂತು. ವಿಷಯ: ಕಚೇರಿಗಳಲ್ಲಿ ಮೊಬೈಲ್, ವೈಫೈ ಮತ್ತು ಇಮೇಲ್ ಬಳಕೆ. ಬಂದದ್ದು ಕಾಗದದಲ್ಲಿ, ಬೈಕಿನ ಮೇಲೆ. ಕಚೇರಿಯ ಪತ್ರಗಳನ್ನು ವಾಟ್ಸಾಪ್‌ನಲ್ಲಿ ಕಳಿಸಕೂಡದು. ವೈಫೈ ಸಾಧನವನ್ನು ಸುರಕ್ಷಿತ ಸ್ಥಳದಲ್ಲಿ ಇಡತಕ್ಕದ್ದು. ಇದನ್ನು ಕೊಟ್ರಪ್ಪನವರು ನನಗೆ ಎರಡು ಸಲ ಓದಿ ಹೇಳಿದರು. ಕೊನೆಯದಾಗಿ, ಅಂದು ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಕಂಪ್ಯೂಟರು, ಮೊಬೈಲುಗಳಿಂದ ಇಮೇಲ್ ಖಾತೆಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಹೊಸದಾಗಿ ಲಾಗಿನ್ ಆಗಬೇಕು. ನಮ್ಮ ಕಂಪ್ಯೂಟರಿಗೆ ಪಿಳ್ಳಣ್ಣ ಕಾಲದಿಂದ ‘ಆಫ್ ಮಾಡಬೇಡಿ’ ಎಂಬ ಚೀಟಿ ಅಂಟಿತ್ತು, ನಾವು ಮಾಡಿರಲಿಲ್ಲ. ಹನ್ನೆರಡಕ್ಕೆ ಅದು ಚೀಟಿಯನ್ನು ಲೆಕ್ಕಿಸದೆ ಮುಚ್ಚಿಕೊಂಡಿತು.

ಮೂರು ಗಂಟೆಗೆ ರಾಜಶ್ರೀ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ, ನೇರ ನನ್ನ ಮೇಜಿಗೆ ಬಂದಳು.

“ಮೇಡಂ, ಬೆಳಿಗ್ಗೆ ಮುಖ್ಯ ಕಚೇರಿಗೆ ಫೋನ್ ಮಾಡಿದ್ದೆ. ನನ್ ಅರ್ಜಿನೇ ಬಂದಿಲ್ವಂತೆ. ನಾಳೆಗೆ ಅಪ್ಪ ಹೋಗಿ ವರ್ಷ ಆಗುತ್ತೆ. ಇವತ್ತೇ ಸೇರ್ಬೇಕು.”

“ಬಂದಿಲ್ವಂತಾ? ನಾನೇ ಬರ್ದಿದೀನಿ. ಅಲ್ಲಿ ಯಾವನೋ ನೋಡ್ದೆ ಮಾತಾಡಿದಾನೆ ಬಿಡು.”

“ಅಪ್ಪನ ಹೆಸರು ಹೇಳಿದ್ದಕ್ಕೆ ಇನ್ನೊಂದು ಅಂದ್ರು ಮೇಡಂ. ಪಿಳ್ಳಣ್ಣ ನಮ್ ನೌಕರರೇ ತಾನೆ, ಅವ್ರಿಗೇ ಬಂದು ವಿಚಾರಿಸೋಕೆ ಹೇಳಿ ಅಂದ್ರು. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ, ಇಟ್ಬಿಟ್ಟೆ.”

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಸತ್ತವರ ಮಗಳ ಹತ್ತಿರ ಆಡುವ ಮಾತಾ ಇದು ಅನ್ನಿಸಿ ಮೈ ಉರಿಯಿತು. ಪತ್ರ ಹೋದ ತಾರೀಖು, ಗಂಟೆ, ನಿಮಿಷ ತೆಗೆದು ಅವರ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಪಾಸ್‌ವರ್ಡು ರವಾನೆ ವಹಿಯ ರಟ್ಟಿನ ಒಳಬದಿಯಲ್ಲಿ ಪಿಳ್ಳಣ್ಣನ ಅಕ್ಷರದಲ್ಲಿತ್ತು. ಹಾಕಿದೆ. ಒಟಿಪಿ ಕೇಳಿತು. ನಲವತ್ತಾರರಲ್ಲಿ ಕೊನೆಯಾಗುವ ಮೊಬೈಲಿಗೆ ಕಳಿಸಿದೆ ಎಂದಿತು.

“ನಲವತ್ತಾರು ಯಾರ್ದು?” ಅಂತ ಕೂಗಿದೆ.

ಕೊಟ್ರಪ್ಪನವರು ತಮ್ಮ ಮೊಬೈಲು ತೆಗೆದು ತಮ್ಮ ನಂಬರನ್ನು ನೋಡಿಕೊಂಡರು. ಅವರದಲ್ಲ. ಸಾಹೇಬರು ಹೊರಗೆ ಬಂದು ತಮ್ಮದೂ ಅಲ್ಲವೆಂದರು. ಮತ್ತೆ ಒಟಿಪಿ ಕೇಳಿದೆ, ಮತ್ತೆ ಕಳಿಸಿತು. ಮೂರನೆಯ ಸಲ ಕೇಳಿದಾಗ ರಾಜಶ್ರೀಯ ಬ್ಯಾಗಿನೊಳಗೆ ಏನೋ ಗುಂಯ್ ಅಂತು. ಅವಳು ಒಂದು ಹಳೆಯ ಬಟನ್ ಫೋನ್ ತೆಗೆದಳು.

“ಮೇಡಂ, ಆಗ್ಲಿಂದ ಅಪ್ಪನ ಫೋನಿಗೆ ಆರು ನಂಬರಿನ ಮೆಸೇಜ್ ಬರ್ತಿದೆ. ಇದೇನಾ ನೋಡಿ.”

ಆಗ ನೆನಪಾಯಿತು. ಖಾತೆ ತೆರೆಯುವಾಗ ಒಂದು ಮೊಬೈಲ್ ನಂಬರು ಬೇಕಾಗಿತ್ತು. ಸಾಹೇಬರು ತಮ್ಮದು ಪರ್ಸನಲ್ ಅಂದಿದ್ದರು. ಕೊಟ್ರಪ್ಪನವರು ತಮ್ಮದು ಮನೆಯವರ ಹೆಸರಿನಲ್ಲಿದೆ ಅಂದಿದ್ದರು. ನನ್ನದರಲ್ಲಿ ಚಾರ್ಜು ನಿಲ್ಲುವುದಿಲ್ಲ ಎಂದು ನಾನು ಅಂದಿದ್ದೆ. “ನಂದೇ ಬರ್ಕೊಳ್ಳಿ ಗಿರಿಜಮ್ನೋರೆ, ನಂಗ್ಯಾರು ಫೋನ್ ಮಾಡ್ತಾರೆ” ಎಂದು ಪಿಳ್ಳಣ್ಣ ನಂಬರು ಕೊಟ್ಟಿದ್ದರು. ಖಾತೆಯಲ್ಲಿ ಜವಾಬ್ದಾರಿ ನೌಕರನ ಹೆಸರು ಎಂದು ಕೇಳಿದ ಕಡೆಯೂ ಅವರ ಹೆಸರನ್ನೇ ಹಾಕಿದ್ದೆವು.

ರಾಜಶ್ರೀ ಒಂದೊಂದೇ ಅಂಕಿ ಓದಿದಳು, ನಾನು ಒತ್ತಿದೆ. ಖಾತೆ ತೆರೆಯಿತು. ಕಳಿಸಿದ ಪತ್ರಗಳ ಡಬ್ಬಿಗೆ ಹೋದೆ. ಎಲ್ಲಕ್ಕಿಂತ ಮೇಲಿದ್ದ ಪತ್ರ, ಅಂದರೆ ಕೊನೆಯದಾಗಿ ಹೋದ ಪತ್ರ, ಹೋದ ವರ್ಷ ಜುಲೈ ಎಂಟರ ಮಧ್ಯಾಹ್ನ ಮೂರೂ ಇಪ್ಪತ್ತರದ್ದು. ಅದರ ಮೇಲೆ ಏನೂ ಇಲ್ಲ. ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೆ. ಡ್ರಾಫ್ಟ್ಸ್ ತೆರೆದೆ. ಅಲ್ಲಿ ನಾನೂರ ಹದಿಮೂರು ಪತ್ರಗಳಿದ್ದವು. ಒಂದೊಂದರ ನೆತ್ತಿಯ ಮೇಲೂ ‘ಕರಡು ಅನುಮೋದಿಸಿದೆ, ರವಾನಿಸಿ’.

ಇಡೀ ವರ್ಷ ಆ ಹುಡುಗಿಗೆ ಹೋಗಿದೆ, ಹೋಗಿದೆ ಎಂದವಳು ನಾನು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇವನ್ನ ಯಾರು ಕಳಿಸ್ಬೇಕಿತ್ತು?”

“ರವಾನೆ ಶಾಖೆ ಸಾರ್” ಅಂದರು ಕೊಟ್ರಪ್ಪನವರು.

“ರವಾನೆ ಶಾಖೇಲಿ ಯಾರಿದಾರೆ?”

“ಹುದ್ದೆ ಖಾಲಿ ಇದೆ ಸಾರ್. ಭರ್ತಿ ಮಾಡಿ ಅಂತ ಪತ್ರ ಹೋಗಿದೆ.”

“ಎಲ್ಲಿಗೆ ಹೋಗಿದೆ?”

ಕೊಟ್ರಪ್ಪನವರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕೆಳಗಿನಿಂದ ಎರಡನೆಯದು.

ಅಷ್ಟನ್ನೂ ತೆರೆದು ನೋಡುವಷ್ಟರಲ್ಲಿ ನಾಲ್ಕೂವರೆ ಆಗಿತ್ತು. ನಾನು ರಾಜಶ್ರೀಯ ಶಿಫಾರಸು ಹುಡುಕಿ ತೆಗೆದೆ. ಅಷ್ಟರಲ್ಲಿ ಕೊಟ್ರಪ್ಪನವರು ಗಂಟಲು ಸರಿಮಾಡಿಕೊಂಡು, ರವಾನೆ ಮಾಡಲು ರವಾನೆ ಶಾಖೆಯ ಪ್ರಭಾರ ಯಾರಿಗಾದರೂ ಇರಬೇಕು, ಇಲ್ಲದಿದ್ದರೆ ನಾಳೆ ಆಡಿಟ್‌ನವರು ಕೇಳುತ್ತಾರೆ ಅಂದರು. ಸಾಹೇಬರಿಗೆ ಅದು ಸರಿ ಕಂಡಿತು. ಅವರು ಮೆತ್ತನೆಯ ಮನುಷ್ಯ, ಯಾರು ಏನು ಹೇಳಿದರೂ ಸರಿ ಕಾಣುತ್ತದೆ. ಪ್ರಭಾರ ನನಗೆ ಕೊಡಬೇಕೋ ಕೊಟ್ರಪ್ಪನವರಿಗೋ ಎಂಬುದರ ಮೇಲೆ ಅರ್ಧ ಗಂಟೆ ಮಾತಾಯಿತು. ಕೊನೆಗೆ ನನಗೇ ಎಂದು ತೀರ್ಮಾನವಾಯಿತು.

“ಹಂಗಾದ್ರೆ ಗಿರಿಜಮ್ಮ, ನಿಮಗೆ ಪ್ರಭಾರ ಕೊಡೋ ಆದೇಶಕ್ಕೆ ಒಂದು ಕರಡು ಹಾಕಿ. ಈಗ್ಲೇ ಅನುಮೋದಿಸ್ತೀನಿ” ಅಂದರು ಸಾಹೇಬರು.

“ಹಾಕ್ತೀನಿ ಸಾರ್. ಅದನ್ನ ಯಾರು ಕಳಿಸ್ತಾರೆ?”

ಸಾಹೇಬರು ಕೊಟ್ರಪ್ಪನವರ ಕಡೆ ನೋಡಿದರು. ನನ್ನ ಗಂಟಲು ಏರಿತ್ತು, ಇಳಿಸಲಿಲ್ಲ. “ಈ ಮಗು ವರ್ಷದಿಂದ ಆ ಬೆಂಚು ಸವೆಸಿದಾಳೆ ಸಾರ್. ಇನ್ನೊಂದು ಕಾಲು ಗಂಟೇಲಿ ಕೊಟ್ರಪ್ಪನೋರು ಬೀರು ಮುಚ್ತಾರೆ. ಅವ್ರು ಮುಚ್ಚಿದ್ರೆ ನಾನು ಆ ಬೀರೂನ ಬಾಗ್ಲು ಸಮೇತ ಮುಖ್ಯ ಕಚೇರಿಗೆ ಹೊತ್ಕೊಂಡ್ ಹೋಗ್ತೀನಿ, ಅದಕ್ಕೆ ಬೇಕಾದ್ರೆ ಪ್ರಭಾರ ಕೊಡಿ.”

ಕೊಟ್ರಪ್ಪನವರು ಜೇಬಿನಿಂದ ಬೀಗದ ಕೈ ತೆಗೆದು, ನೋಡಿ, ನನ್ನ ಮೇಜಿನ ಮೇಲೆ ಇಟ್ಟರು. ಸಾಹೇಬರು “ಕಳ್ಸಿ” ಅಂದರು.

ಕಳಿಸಲು ಹೋದಾಗಲೇ ಹೊಳೆದದ್ದು. ಶಿಫಾರಸಿನ ಮೊದಲ ಸಾಲು ‘ಶ್ರೀ ಪಿಳ್ಳಣ್ಣ ಅವರು ನಿಧನರಾದ ಬಗ್ಗೆ ಈಗಾಗಲೇ ತಮಗೆ ತಿಳಿಸಲಾಗಿದ್ದು’ ಎಂದಿತ್ತು. ತಿಳಿಸಿರಲಿಲ್ಲ. ಆ ಪತ್ರ ಡ್ರಾಫ್ಟ್ಸ್‌ನ ತಳದಲ್ಲಿ, ಎಲ್ಲಕ್ಕಿಂತ ಹಳೆಯದಾಗಿ ಬಿದ್ದಿತ್ತು. ಮೊದಲು ಅದು ಹೋಗಬೇಕು, ಇಲ್ಲದಿದ್ದರೆ ಇರುವ ನೌಕರನ ಕೆಲಸವನ್ನು ಮಗಳು ಕೇಳಿದಂತೆ ಆಗುತ್ತದೆ. ತೆರೆದೆ. ‘ನಮ್ಮ ಕಚೇರಿಯ ರವಾನೆ ಶಾಖೆಯ ಶ್ರೀ ಪಿಳ್ಳಣ್ಣ ಅವರು ದಿನಾಂಕ 9ರಂದು ನಿಧನರಾದರೆಂದು ವಿಷಾದದಿಂದ ತಿಳಿಸಲಾಗಿದೆ. ಆದುದರಿಂದ’ ಎಂದು ಮುಂದುವರಿದಿತ್ತು. ಆ ‘ಆದುದರಿಂದ’ ಕೊಟ್ರಪ್ಪನವರದ್ದು.

ರಾಜಶ್ರೀ ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

“ಹಂಗಾದ್ರೆ ಅವ್ರಿಗೆ ಅಪ್ಪ ಹೋಗಿದ್ದೇ ಗೊತ್ತಿಲ್ವಾ ಮೇಡಂ?”

“ಇಲ್ಲಮ್ಮ.”

“ಅದಕ್ಕೇ ಅಪ್ಪನ್ನೇ ಕಳಿಸಿ ಅಂದ್ರು ಅವ್ರು. ನಾನು ಬೈಕೊಂಡಿದ್ದೆ.”

ನನ್ನ ಬೆರಳು ಮೌಸಿನ ಮೇಲೆ ನಿಂತುಬಿಟ್ಟಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಒಂದು ಪತ್ರವನ್ನೂ ಕೈಯಾರೆ ಕಳಿಸಿದವಳಲ್ಲ. ಮೊದಲನೆಯದು ಇದೇ ಆಗಬೇಕೇ? ಕೊಟ್ರಪ್ಪನವರು ಬೀರುವಿನ ಕಡೆ ತಿರುಗಿ ನಿಂತಿದ್ದರು. ಸಾಹೇಬರು ಸುತ್ತೋಲೆಯನ್ನು ಮತ್ತೊಮ್ಮೆ ಓದುತ್ತಿದ್ದರು.

“ನಾನ್ ಒತ್ಲಾ ಮೇಡಂ?” ಅಂದಳು ರಾಜಶ್ರೀ.

ಹೊರಗಿನವರು ಕಚೇರಿಯ ಕಂಪ್ಯೂಟರ್ ಮುಟ್ಟಬಾರದು ಎಂದು ಸುತ್ತೋಲೆಯ ನಾಲ್ಕನೇ ಅಂಶ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತು ಮೊದಲು ಮೇಲಿನ ‘ಕರಡು ಅನುಮೋದಿಸಿದೆ’ ಸಾಲನ್ನು ಅಳಿಸಿದಳು. ಅದನ್ನು ಅಳಿಸಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ನಂ‍ಬರ್ ಹಾಕ್ಬೇಕಾ ಮೇಡಂ?”

ರವಾನೆ ವಹಿ ತೆರೆದು ಮುಂದಿಟ್ಟೆ. ಪಿಳ್ಳಣ್ಣನ ಗುಂಡು ಅಕ್ಷರದಲ್ಲಿ ಕೊನೆಯ ನಂಬರು 2187. ಅವಳು ಅದರ ಕೆಳಗೆ 2188 ಬರೆದು, ವಿಷಯ ಎಂಬಲ್ಲಿ ‘ನಿಧನ’ ಎಂದು ಬರೆದು, ಪತ್ರಕ್ಕೂ ಅದೇ ನಂಬರು ಹಾಕಿ ಗುಂಡಿ ಒತ್ತಿದಳು. ಐದು ಗಂಟೆ ಹನ್ನೊಂದು ನಿಮಿಷ. ಆಮೇಲೆ 2189, ತನ್ನ ಶಿಫಾರಸು. ಐದು ಹದಿಮೂರು.

ಮೇಜಿನ ಮೇಲಿದ್ದ ಬಟನ್ ಫೋನ್ ಗುಂಯ್ ಅಂತು, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಗುಂಯ್ ಅಂತು. ರಾಜಶ್ರೀ ಎತ್ತಿ ನೋಡಿ ನನ್ನ ಕೈಗೆ ಕೊಟ್ಟಳು. ಎರಡೂ ಮೆಸೇಜು ಒಂದೇ ತರ ಇದ್ದವು. ‘ಮಾನ್ಯ ಪಿಳ್ಳಣ್ಣ ಅವರೇ, ತಮ್ಮ ಪತ್ರ ಮುಖ್ಯ ಕಚೇರಿಯನ್ನು ತಲುಪಿದೆ. ಧನ್ಯವಾದಗಳು.’

“ನೀವ್ ಹೇಳಿದ್ರಲ್ಲ ಮೇಡಂ, ಉತ್ತರ ಇದಕ್ಕೇ ಬರುತ್ತೆ ಅಂತ” ಅಂದಳು. “ಅದಕ್ಕೇ ದಿನಾ ಚಾರ್ಜ್ ಹಾಕಿ ಇಟ್ಟಿದ್ದೆ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಚಿಕೆಯಾಯಿತು, ತಲೆಯೆತ್ತಿ ಅವಳ ಮುಖ ನೋಡಲು ಆಗಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ವಾಪಸು ಕೊಟ್ಟೆ, ಅದಕ್ಕೇನೂ ಧೂಳಾಗಿರಲಿಲ್ಲ. ಐದೂಕಾಲಾಗಿತ್ತು. ಬೀಗದ ಕೈ ನನ್ನ ಮೇಜಿನ ಮೇಲೆಯೇ ಇತ್ತು, ಕೊಟ್ರಪ್ಪನವರು ಅದನ್ನು ಕೇಳಲಿಲ್ಲ.

ರಾಜಶ್ರೀ ವಹಿ ಮುಚ್ಚಿ, ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟು ಎದ್ದಳು. ಪರದೆಯ ಕಡೆ ಇನ್ನೊಮ್ಮೆ ನೋಡಿದಳು.

“ಇನ್ನೂ ನಾನೂರ ಹನ್ನೊಂದು ಇದಾವೆ. ನಾಳೆ ತೆಗೆದ್ರೂ ಒಟಿಪಿ ಕೇಳುತ್ತಲ್ವಾ ಮೇಡಂ?”

“ಕೇಳುತ್ತೆ.”

“ಬೆಳಿಗ್ಗೆ ಅಪ್ಪನ ವರ್ಷದ ಪೂಜೆ ಇದೆ. ಮುಗಿಸ್ಕೊಂಡು ಮೂರು ಗಂಟೆಗೆ ಬರ್ತೀನಿ” ಎಂದು ಹೇಳಿ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.